ಭಂಗಾರವೋ ಬಂಗಾರವೋ?

ನಮ್ಮ ಶಾಲೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಆರು ಹಳೆಯ ಗಣಕಯಂತ್ರಗಳು ಧೂಳು ಹೊದ್ದು ಕುಳಿತಿವೆ. ಬೇಸಗೆಯ ರಜೆಯೊಳಗೆ ಅವನ್ನು ತೂಕಕ್ಕೆ ಹಾಕಿ ಮಾರಿಬಿಡಬೇಕೆಂಬ ಮಾತು ನಡೆದಿದೆ. ಗುಜರಿಗೆ ಮರಾಠಿಯಲ್ಲಿ 'ಭಂಗಾರ' ಎನ್ನುವರು. ಮುಂಬಯಿಯವರಾದ ನಾವೂ ಆ ಮಾತನ್ನೇ ಆಡುತ್ತೇವೆ. ಊರಿನಿಂದ ಹೊಸತಾಗಿ ಬಂದ ಅಜ್ಜಿಯೊಬ್ಬರು ಬೀದಿಯ ಕೂಗನ್ನು ಕೇಳಿ, ಕೈಗಾಡಿಯಲ್ಲಿ ಬಂಗಾರ ಮಾರುವ ಪಟ್ಟಣವೂ ಉಂಟೇ ಎಂದು ಬೆರಗಾದರಂತೆ. ಭಂಗಾರಕ್ಕೂ ಬಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಈ ಆರು ಯಂತ್ರಗಳ ವಿಷಯದಲ್ಲಿ ಆ ಅಂತರವೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಎಲ್ಲವನ್ನೂ ಉಳಿಸಿರೆಂದು ನಾವು ಕೇಳುವುದಿಲ್ಲ. ಎರಡನ್ನಾದರೂ ವಿಜ್ಞಾನ ಸಂಘಕ್ಕೆ ಬಿಟ್ಟುಕೊಟ್ಟರೆ, ಅವುಗಳಿಂದ ಆಸಿಲೋಸ್ಕೋಪನ್ನು ಕಟ್ಟಿ ತೋರಿಸಬಲ್ಲೆವು.

ಆಸಿಲೋಸ್ಕೋಪೆಂಬುದು ವಿದ್ಯುತ್ತಿನ ಏರಿಳಿತವನ್ನು ಕಣ್ಣಿಗೆ ಕಾಣಿಸುವ ಉಪಕರಣ. ವೋಲ್ಟ್‌ಮೀಟರಿನ ಮುಳ್ಳು ವಿಭವವು ಎಷ್ಟೆಂದು ಮಾತ್ರ ಹೇಳುತ್ತದೆ. ಸೆಕೆಂಡಿನ ಸಾವಿರದೊಂದು ಭಾಗದಲ್ಲಿ ಅದು ಹೇಗೆ ಏರಿತು, ಹೇಗೆ ಇಳಿಯಿತು ಎಂಬುದನ್ನು ಹೇಳಲಾರದು. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ವಿಜ್ಞಾನಿ 1897ರಲ್ಲಿ ಎಲೆಕ್ಟ್ರಾನುಗಳ ಕಿರಣವನ್ನು ಗಾಜಿನ ಕೊಳವೆಯಲ್ಲಿ ಹಾಯಿಸಿ, ಅದು ಬಡಿದೆಡೆಯಲ್ಲಿ ಹೊಳೆಯುವ ಚುಕ್ಕೆಯನ್ನು ವಿದ್ಯುತ್ತಿನ ತಾಳಕ್ಕೆ ಕುಣಿಸಿದನು. ಹಳೆಯ ಟೆಲಿವಿಷನ್ನಿನ ದಪ್ಪ ಕೊಳವೆಯೂ ಅದರ ಸಂತತಿಯೇ. ನಮ್ಮ ಉಪಕರಣಕ್ಕೆ ಆ ಕೊಳವೆ ಬೇಡ. ಬರೆಯುವ ಪರದೆ ಗಣಕಯಂತ್ರದ್ದು; ಒಳಗೆ ಬರುವ ವಿಭವವನ್ನು ಎಣಿಸುವ ಕೆಲಸ ಅದರ ಧ್ವನಿಫಲಕದ್ದು, ಎಂದರೆ ಸೌಂಡ್ ಕಾರ್ಡಿನದು.

ಸೌಂಡ್ ಕಾರ್ಡು ಸೆಕೆಂಡಿಗೆ 44,100 ಬಾರಿ ವಿಭವವನ್ನು ಅಳೆದು ಅಂಕಿಯಾಗಿ ಬರೆದಿಡುತ್ತದೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆಂದೋಲಿಸುವುದರಿಂದ, ಅದರ ಒಂದೊಂದು ಅಲೆಯೂ 882 ಚುಕ್ಕೆಗಳಾಗಿ ನಮ್ಮ ಮುಂದೆ ನಿಲ್ಲುವುದು. 882 ಚುಕ್ಕೆಗಳನ್ನು ಗ್ರಾಫ್ ಕಾಗದದ ಮೇಲೆ ಕೈಯಿಂದ ಇಡಲು ಎಷ್ಟು ಹೊತ್ತು ಬೇಕೆಂಬುದನ್ನು, 20 ಚುಕ್ಕೆಗಳಿಗೇ ಬೆವರಿದ ನಮ್ಮ ತರಗತಿಯವರು ಊಹಿಸಬಲ್ಲರು.

ಇನ್ನು ಕಟ್ಟುವ ಬಗೆ. ಯಂತ್ರದ ಹಿಂಭಾಗದಲ್ಲಿ ನೀಲಿ ಬಣ್ಣದ ತೂತು ಒಂದು, ಗುಲಾಬಿ ಬಣ್ಣದ್ದು ಇನ್ನೊಂದು. ಗುಲಾಬಿಯದು ಮೈಕಿನದು, ಅದು ಬಲು ಸೂಕ್ಷ್ಮ. ನೀಲಿಯದು 'ಲೈನ್ ಇನ್'. ಅದು ಸುಮಾರು 1 ವೋಲ್ಟಿನವರೆಗೆ ತಾಳುತ್ತದೆ. ಹೊರಗಿನ ವಿಭವವನ್ನು ಮೊದಲು 220 ಕಿಲೋಓಮಿನ ರೋಧಕದ ಮೂಲಕ ಹಾಯಿಸಿ, ಅದರ ಕೊನೆಯಿಂದ ನೆಲತಂತಿಗೆ 10 ಕಿಲೋಓಮಿನ ಇನ್ನೊಂದು ರೋಧಕವನ್ನು ಬೆಸೆಯಬೇಕು. ಎರಡೂ ಸೇರುವ ಗಂಟಿನಲ್ಲಿ ವಿಭವದ 23ರಲ್ಲೊಂದು ಪಾಲು ಮಾತ್ರ ದೊರೆಯುವುದು. ಕಾರ್ಡಿನ ಒಳರೋಧವೂ ಪಕ್ಕದಲ್ಲಿ ಸೇರಿಕೊಳ್ಳುವುದರಿಂದ ನಿಜವಾಗಿ ಸಿಗುವುದು ಇನ್ನೂ ಕಡಿಮೆ; ಮಲ್ಟಿಮೀಟರಿನಿಂದ ಒಮ್ಮೆ ಅಳೆದು ಹೊಂದಿಸಿಕೊಳ್ಳುವುದು ಒಳ್ಳೆಯದು. ಬಳಿಕ ಆ ಗಂಟಿನಿಂದ ನೆಲತಂತಿಗೆ ಎರಡು ಸಿಲಿಕಾನ್ ಡಯೋಡುಗಳನ್ನು ಒಂದಕ್ಕೊಂದು ವಿರುದ್ಧ ಮುಖವಾಗಿ ಬೆಸೆಯಬೇಕು. ವಿಭವವು ಯಾವ ದಿಕ್ಕಿನಲ್ಲಿಯೇ ಆಗಲಿ ಸುಮಾರು 0.6 ವೋಲ್ಟನ್ನು ಮೀರಿದರೆ ಅವು ಬಾಗಿಲು ತೆರೆದು ಹೆಚ್ಚಿನದನ್ನು ನೆಲಕ್ಕೆ ಹರಿಸುತ್ತವೆ. ಈ ನಾಲ್ಕು ತುಂಡುಗಳೂ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಒಂದು ಚಹಾದ ಬೆಲೆಗೆ ದೊರೆಯುವಂಥವು. ಅಲೆಗಳನ್ನು ದಾಖಲಿಸಿ ಹಿಗ್ಗಿಸಿ ನೋಡಲು 'ಅಡಾಸಿಟಿ' ಎಂಬ ತಂತ್ರಾಂಶವು 2000ನೆಯ ಇಸವಿಯಿಂದಲೂ ಉಚಿತವಾಗಿ ಲಭ್ಯವಿದೆ.

ಇಷ್ಟು ಸುಲಭವಾದರೆ ಇನ್ನೂ ಏಕೆ ಮಾಡಿಲ್ಲವೆಂದು ಓದುಗರು ಕೇಳಬಹುದು. ಮಾಡಲು ಹೊರಟೆವು, ಕೆಡಿಸಿದೆವು. ಆ ಸಂಗತಿಯನ್ನು ಮುಚ್ಚಿಟ್ಟು ಈ ಲೇಖನವನ್ನು ಬರೆಯುವುದು ಸರಿಯಲ್ಲ. ಕಳೆದ ಆಗಸ್ಟಿನಲ್ಲಿ, ಡಯೋಡುಗಳನ್ನು ತರಲು ಹೋದ ಗೆಳೆಯನು ಮಳೆಯಲ್ಲಿ ಸಿಕ್ಕಿಕೊಂಡಿರಲು, ಅವನನ್ನು ಕಾಯುವ ತಾಳ್ಮೆಯಿಲ್ಲದೆ ನಾವು 6 ವೋಲ್ಟಿನ ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ನೇರವಾಗಿ ಗುಲಾಬಿ ತೂತಿಗೆ ಸೇರಿಸಿದೆವು. ಅರೆಕ್ಷಣ ಪರದೆಯ ಮೇಲೆ ತಲೆ ಕತ್ತರಿಸಿದ ಅಲೆಯೊಂದು ಕಂಡಿತು. ಮರುಕ್ಷಣ ಬರಿಯ ಗೆರೆ. ಆ ಯಂತ್ರದ ಮೈಕಿನ ದಾರಿ ಅಂದಿಗೆ ಮೂಕವಾಯಿತು. 6 ವೋಲ್ಟೆಂದರೆ ಅಲ್ಪವೆಂದು ನಾವು ಎಣಿಸಿದ್ದೆವು. ಅಲೆಯ ತುದಿಯಲ್ಲಿ ಅದು ಎಂಟೂವರೆ ವೋಲ್ಟಾಗುತ್ತದೆಂಬ ಪಾಠವನ್ನು ಪುಸ್ತಕದಲ್ಲಿ ಓದಿಯೂ ಇದ್ದೆವು. 'ಮಕ್ಕಳ ಕೈಗೆ ಯಂತ್ರ ಕೊಟ್ಟರೆ ಹೀಗೆಯೇ' ಎಂಬ ಮಾತು ಎದ್ದುದು ಅಂದಿನಿಂದ. ಗುಜರಿಗೆ ಹಾಕುವ ಯೋಚನೆಯೂ ಅಂದಿನಿಂದಲೇ ಬಲವಾಯಿತು. ತಪ್ಪು ನಮ್ಮದು, ಅದರ ಶಿಕ್ಷೆಯನ್ನು ಮುಂದಿನ ವರ್ಷ ಒಂಬತ್ತನೆಯ ತರಗತಿಗೆ ಬರುವ ತಮ್ಮ ತಂಗಿಯರು ಅನುಭವಿಸುವುದು ನ್ಯಾಯವೇ?

ಹಿರಿಯರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಗೋಡೆಯ ಪ್ಲಗ್ಗಿನ ವಿದ್ಯುತ್ತು 230 ವೋಲ್ಟೆಂದು ಹೆಸರಾದರೂ ತುದಿಯಲ್ಲಿ 325 ವೋಲ್ಟನ್ನು ಮುಟ್ಟುತ್ತದೆ. ಅದನ್ನು ಈ ಉಪಕರಣದ ಹತ್ತಿರಕ್ಕೂ ತರಬಾರದು. ರೋಧಕವಿದೆ, ಡಯೋಡಿದೆ ಎಂಬ ಧೈರ್ಯದಿಂದಲೂ ತರಬಾರದು. ಅದರ 50 ಆವರ್ತಗಳನ್ನು ನೋಡಲು ಅಷ್ಟು ಸಾಹಸವೂ ಬೇಡ. ಮೈಕಿನ ತೂತಿಗೆ ಸೇರಿಸಿದ ತಂತಿಯ ಬರಿಯ ತುದಿಯನ್ನು ಬೆರಳಿನಿಂದ ಮುಟ್ಟಿದರೆ ಸಾಕು. ಸುತ್ತಲಿನ ತಂತಿಗಳ ಪ್ರಭಾವವನ್ನು ಹಿಡಿದ ನಮ್ಮ ಮೈಯೇ ಆ ಅಲೆಯನ್ನು ಪರದೆಗೆ ಕಳುಹಿಸುತ್ತದೆ. ಇದನ್ನು ಮೊದಲು ಕಂಡ ದಿನ ನಾವು ಸರದಿಯಲ್ಲಿ ನಿಂತು ಒಬ್ಬೊಬ್ಬರ ಅಲೆಯನ್ನೂ ನೋಡಿದೆವು. ಯಾರದು ದೊಡ್ಡದೆಂಬ ವಾದವೂ ಆಯಿತು.

ಇನ್ನೊಂದು ಆಕ್ಷೇಪಣೆಯುಂಟು. ಮೊಬೈಲಿನಲ್ಲಿ ಇಂಥದೇ ಅಲೆಯನ್ನು ತೋರಿಸುವ ತಂತ್ರಾಂಶಗಳಿವೆ, ಸಿದ್ಧ ಉಪಕರಣಗಳೂ ಪೇಟೆಯಲ್ಲಿ ದೊರೆಯುತ್ತವೆ, ಕಟ್ಟುವ ಕಷ್ಟವೇಕೆ ಎಂಬುದು ಅದು. ಎರಡು ವರ್ಷಗಳ ಹಿಂದೆ ವಿಜ್ಞಾನ ಪ್ರದರ್ಶನಕ್ಕೆ ನಾವು ಕೊಂಡುತಂದ ಸಿದ್ಧ ಪೆಟ್ಟಿಗೆಯೊಂದನ್ನು ಒಯ್ದಿದ್ದೆವು. ದೀಪಗಳು ಚೆನ್ನಾಗಿಯೇ ಮಿನುಗಿದವು. ಪರೀಕ್ಷಕರು ಒಂದು ಡಯೋಡಿನ ಮೇಲೆ ಪೆನ್ಸಿಲ್ ಇಟ್ಟು, 'ಇದನ್ನು ತೆಗೆದರೆ ಏನಾದೀತು?' ಎಂದು ಕೇಳಿದರು. ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಈಗ ಆ ಪ್ರಶ್ನೆಗೆ ಉತ್ತರವನ್ನು ನಾವು ಬಲ್ಲೆವು. ಒಂದು ಯಂತ್ರವನ್ನು ಮೂಕವಾಗಿಸಿ ಕಲಿತ ಉತ್ತರವದು.

ಈ ಉಪಕರಣದ ಕೊರತೆಗಳನ್ನೂ ಹೇಳಬೇಕು. ಕಾರ್ಡಿನ ಒಳದಾರಿಯಲ್ಲಿ ಕೆಪಾಸಿಟರ್ ಕುಳಿತಿರುವುದರಿಂದ ಬ್ಯಾಟರಿಯ ಸ್ಥಿರ ವಿಭವವನ್ನು ಅದು ತೋರಿಸದು. 22,000 ಆವರ್ತಗಳಿಗೆ ಮೇಲ್ಪಟ್ಟುದೂ ಅದಕ್ಕೆ ಕಾಣದು. ಸ್ಥಿರ ವಿಭವವನ್ನು ನೋಡಬೇಕಾದವರು ಇಟಲಿಯಲ್ಲಿ 2005ರಲ್ಲಿ ಹುಟ್ಟಿದ 'ಆರ್ಡುಯಿನೊ' ಎಂಬ ಚಿಕ್ಕ ಫಲಕವನ್ನು ಬಳಸಬಹುದು. ಅದರ 'ಊನೊ' ಎಂಬ ಬಗೆಯು 0ಯಿಂದ 5 ವೋಲ್ಟಿನವರೆಗಿನ ವಿಭವವನ್ನು 1,024 ಮೆಟ್ಟಿಲುಗಳಾಗಿ ಹಂಚಿ ಗಣಕಯಂತ್ರಕ್ಕೆ ತಿಳಿಸುತ್ತದೆ. ಆದರೆ ನಡಿಗೆ ನಿಧಾನ; ವೇಗವಾದ ಅಲೆಯನ್ನು ಕೊಟ್ಟರೆ, ಸಿನಿಮಾದಲ್ಲಿ ಗಾಡಿಯ ಚಕ್ರವು ಹಿಂದಕ್ಕೆ ತಿರುಗಿದಂತೆ ಕಾಣುವುದಲ್ಲವೇ, ಹಾಗೆ ಇಲ್ಲದ ಅಲೆಯೊಂದನ್ನು ತೋರಿಸಿಬಿಡುತ್ತದೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರವು 2004ರಲ್ಲಿ 'ಫೀನಿಕ್ಸ್' ಎಂಬ ಯೋಜನೆಯನ್ನು ಆರಂಭಿಸಿ, ಮುಂದೆ 'ಎಕ್ಸ್‌ಪ್-ಐಸ್' ಎಂಬ ಪೆಟ್ಟಿಗೆಯನ್ನು ಶಾಲಾ ಕಾಲೇಜುಗಳಿಗಾಗಿ ರೂಪಿಸಿತು; ಗಣಕಯಂತ್ರಕ್ಕೆ ಜೋಡಿಸಿದರೆ ಅದು ಆಸಿಲೋಸ್ಕೋಪಿನ ಕೆಲಸವನ್ನೂ ಮಾಡುತ್ತದೆ. ಅದರ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮಂಥವರ ಹುಚ್ಚು ದೊಡ್ಡ ವಿಜ್ಞಾನಿಗಳಿಗೂ ಇರುವುದೆಂದು ತಿಳಿದು ಸಮಾಧಾನವಾಯಿತು.

ನಮಗೆ ಎಲ್ಲಕ್ಕಿಂತ ಮಿಗಿಲಾಗಿ ನೋಡಬೇಕಾಗಿರುವುದು ಮೃದಂಗದ ಅಲೆ. ಸರ್ ಸಿ. ವಿ. ರಾಮನ್ನರು, ತಮಗೆ ನೊಬೆಲ್ ತಂದ ಶೋಧಕ್ಕೆ ಮೊದಲೇ, 1920ರಲ್ಲಿ, ನಮ್ಮ ಮೃದಂಗ ತಬಲಗಳ ಬಗೆಗೆ ಬರೆದರು. ಸಾಮಾನ್ಯ ಡೋಲಿನ ಉಪಸ್ವರಗಳು ಒಂದಕ್ಕೊಂದು ಹೊಂದದೆ ಸದ್ದಾಗುತ್ತವೆ. ನಡುವೆ ಕಪ್ಪು ಲೇಪವನ್ನು ಹೊತ್ತ ನಮ್ಮ ಚರ್ಮವಾದ್ಯಗಳಲ್ಲಿ ಅವು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂಬಂತೆ ಹೊಂದಿಕೊಂಡು ನಾದವಾಗುತ್ತವೆ. ಅವರು ಚರ್ಮದ ಮೇಲೆ ಮರಳನ್ನು ಉದುರಿಸಿ ಕಂಪನದ ಆಕೃತಿಗಳನ್ನು ಕಂಡರು. ನಮ್ಮ ಸಂಘದಲ್ಲಿ ಯಕ್ಷಗಾನದ ಮನೆಯವರು ಇಬ್ಬರಿದ್ದಾರೆ. ಮದ್ದಳೆ ಮನೆಯಲ್ಲಿದೆ, ಚೆಂಡೆಯೂ ಇದೆ. ಚೆಂಡೆಯ ಅಲೆ ಮದ್ದಳೆಯದರಂತೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಇಡೀ ತರಗತಿ ಎರಡು ಪಕ್ಷವಾಗಿದೆ. ಇದನ್ನು ತೀರ್ಮಾನಿಸಲು ಪಠ್ಯಪುಸ್ತಕವು ನೆರವಾಗದು.

ಮತ್ತೊಂದು ಮಾತು. ಹತ್ತನೆಯ ತರಗತಿಯ ಬಳಿಕ ವಿಜ್ಞಾನವನ್ನು ಇಂಗ್ಲಿಷಿನಲ್ಲಿಯೇ ಓದಬೇಕಾಗುವುದೆಂದು ನಮ್ಮಲ್ಲಿ ಹಲವರು ಈಗಲೇ ಅಂಜಿದ್ದಾರೆ. ಆವರ್ತಾಂಕ, ವಿಸ್ತಾರ, ರೋಧ ಎಂಬ ಮಾತುಗಳು ಅಲ್ಲಿ ಕೆಲಸಕ್ಕೆ ಬಾರವೆಂದು ಕೆಲವರ ಮತ. ನಮಗೆ ಹಾಗೆ ತೋರದು. ಬೆಸುಗೆಯ ಕಡ್ಡಿ ಕೈ ಸುಟ್ಟಾಗ ಕಲಿತ 'ರೋಧ'ವು ಹೆಸರು ಬದಲಾದ ಮಾತ್ರಕ್ಕೆ ಮರೆತುಹೋಗುವುದಿಲ್ಲ. ಆ ಅವಕಾಶವನ್ನು ಕನ್ನಡದಲ್ಲಿ ಓದುತ್ತಿರುವಾಗಲೇ ಒದಗಿಸಬೇಕೆಂಬುದು ನಮ್ಮ ಕೋರಿಕೆ.

ಶಾಲೆಯ ಆಡಳಿತ ಮಂಡಲಿಯವರಿಗೆ ನಾವು ಸಲ್ಲಿಸಿರುವ ಮನವಿಗೆ ಈವರೆಗೆ ಉತ್ತರ ಬಂದಿಲ್ಲ. ಈ ನಡುವೆ ಮೊನ್ನೆ ಶನಿವಾರ ಕೋಣೆಯ ಕೀಲಿಕೈಯನ್ನು ಬೇಡಿ ಪಡೆದು, ನಾವು ಕೆಡಿಸಿದ ಯಂತ್ರವನ್ನು ಒರೆಸಿ ಮತ್ತೆ ನಡೆಸಿ ನೋಡಿದೆವು. ಮೈಕಿನ ದಾರಿ ಮೂಕವಾಗಿಯೇ ಇದೆ. ಡಯೋಡುಗಳನ್ನು ಜೋಡಿಸಿ ನೀಲಿ ತೂತಿಗೆ ಅದೇ 6 ವೋಲ್ಟನ್ನು ಕೊಟ್ಟಾಗ, ತಲೆ ಕತ್ತರಿಸದ ಪೂರ್ಣ ಅಲೆ ಬಂದಿತು.