ಮಸಿ ಹಿಡಿದ ಮಡಕೆ

ಯಲಹಂಕ, ಹೆಬ್ಬಾಳಗಳಲ್ಲಿ ಹಳೆಯ ಮನೆಗಳು ಉರುಳುವಾಗ ಹಿತ್ತಾಳೆಯ ಕೊಡಕ್ಕೆ ಕೊಳ್ಳುವವರುಂಟು. ಗುಡಾಣ, ಹರವಿ, ಕುಡಿಕೆಗಳಿಗೆ ತಿಪ್ಪೆಯೇ ಗತಿ. ಅಮೆರಿಕದ ಸಾಂಟಾ ಫೆ ನಗರದಲ್ಲಿ, ಪ್ಯೂಬ್ಲೋ ಆದಿವಾಸಿಗಳ ಹಳೆಯ ಮಡಕೆಗಳನ್ನು ಉಳಿಸಲೆಂದೇ 1922ರಲ್ಲಿ ಒಂದು ನಿಧಿ ಸ್ಥಾಪಿತವಾಯಿತು. ನಮ್ಮಲ್ಲಿ ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದು, ಹಳ್ಳಿಮನೆಯ ಬಳಕೆಯ ವಸ್ತುಗಳಿಗೆ ಗೌರವದ ನೆಲೆಯೊದಗಿಸಿದರು.

ಮಡಕೆಗಳನ್ನು ಸಂಗ್ರಹಿಸುವವರು ತಳದ ಮಸಿಯನ್ನು ಉಜ್ಜಿ ತೆಗೆಯಬಾರದು. ಅದು ಕೊಳೆಯಲ್ಲ, ಒಲೆಯ ಸಾಕ್ಷಿ. ಒಳಮೈಗೆ ಕಟ್ಟಿದ ಬಿಳಿಯ ಪೊರೆ, ಅಲ್ಲಿ ಬಹುಕಾಲ ನೀರು ನಿಂತಿದ್ದುದನ್ನು ಸಾರುತ್ತದೆ. ಯಾವ ಊರು, ಯಾರ ಮನೆ, ಏನು ಬಳಕೆ ಎಂಬ ಮೂರನ್ನೂ ಮನೆಯ ಹಿರಿಯರನ್ನು ಕೇಳಿ ಬರೆದಿಡಬೇಕು. ಮಡಕೆ ಒಡೆದರೆ ಚೂರಾದರೂ ಉಳಿದೀತು. ಅಜ್ಜಿಯ ನೆನಪು ಅಳಿದರೆ ಚೂರೂ ಸಿಕ್ಕದು.