ಯಾಕೆ ಕೊಂದ ಎಂದು ಕೇಳುವ ಮೊದಲು

ಊರಲ್ಲಿ ಒಂದು ಕೊಲೆ ನಡೆದರೆ ಮರುದಿನ ಬೆಳಗ್ಗೆ ಕೋರ್ಟಿನ ಕ್ಯಾಂಟೀನಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಯಾಕಂತೆ ಮೇಡಂ?’ ಶಿವಮೊಗ್ಗದ ಸೆಷನ್ಸ್ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ನನಗೆ ಈ ಪ್ರಶ್ನೆ ಹೊಸದಲ್ಲ. ಆರೋಪಿ ಇನ್ನೂ ಸಿಕ್ಕಿರುವುದಿಲ್ಲ, ಶವದ ಪಂಚನಾಮೆಗೆ ಪಂಚರು ಹಾಕಿದ ಸಹಿ ಒಣಗಿರುವುದಿಲ್ಲ, ಮರಣೋತ್ತರ ಪರೀಕ್ಷೆಯ ವರದಿ ಕೈಸೇರಿರುವುದಿಲ್ಲ. ಕಾರಣ ಮಾತ್ರ ಆಗಲೇ ಊರಿಡೀ ಓಡಾಡುತ್ತಿರುತ್ತದೆ. ಹೆಣ್ಣಿನ ವಿಷಯವಂತೆ, ಜಮೀನಿನ ತಕರಾರಂತೆ, ಮೀಟರ್ ಬಡ್ಡಿ ಸಾಲವಂತೆ. ಸಂಜೆ ಟಿವಿಯಲ್ಲಿ ನಾಲ್ಕು ಜನ ಕೂತು ಅದನ್ನೇ ಚರ್ಚಿಸುತ್ತಾರೆ.

ಕುತೂಹಲವನ್ನು ನಾನು ತಪ್ಪೆನ್ನುವುದಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಜೀವ ತೆಗೆದ ಎಂದರೆ ಯಾಕೆ ಎಂದು ಕೇಳದೆ ಇರಲು ಯಾರಿಂದ ಆದೀತು? ಆದರೆ ತನಿಖೆ ನಡೆಯುತ್ತಿರುವಾಗಲೇ, ಅದೂ ತನಿಖೆ ಮಾಡುವವರ ಬಾಯಿಂದಲೇ ಕಾರಣ ಹೊರಬಿದ್ದರೆ ಮುಂದೆ ಆಗುವ ಅನಾಹುತವನ್ನು ಸರಿಪಡಿಸಲು ಯಾವ ಕೋರ್ಟಿನಿಂದಲೂ ಆಗುವುದಿಲ್ಲ. ನೋಯ್ಡಾದ ಆರುಷಿ–ಹೇಮರಾಜ್ ಜೋಡಿ ಕೊಲೆ ಪ್ರಕರಣ ಇದನ್ನು ಒಂಬತ್ತು ವರ್ಷ ನಮ್ಮ ಕಣ್ಣೆದುರೇ ತೋರಿಸಿತು. ಆ ಪಾಠವನ್ನು ನಾವು ಕಲಿತಿಲ್ಲ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

2008ರ ಮೇ 16ರ ಬೆಳಗ್ಗೆ, ನೋಯ್ಡಾ ಸೆಕ್ಟರ್ 25ರ ಜಲವಾಯು ವಿಹಾರದ ಫ್ಲ್ಯಾಟಿನಲ್ಲಿ ದಂತವೈದ್ಯ ದಂಪತಿ ರಾಜೇಶ್ ಮತ್ತು ನೂಪುರ್ ತಲವಾರ್ ಅವರ ಒಬ್ಬಳೇ ಮಗಳು ಆರುಷಿ ತನ್ನ ಕೋಣೆಯಲ್ಲಿ ಕೊಲೆಯಾಗಿ ಬಿದ್ದಿದ್ದಳು. ಅವಳಿಗಿನ್ನೂ ಹದಿನಾಲ್ಕು ತುಂಬಿರಲಿಲ್ಲ. ಮನೆಯಲ್ಲೇ ಇದ್ದು ಕೆಲಸ ಮಾಡುತ್ತಿದ್ದ ನೇಪಾಳದ ಹೇಮರಾಜ್ ಕಾಣೆಯಾಗಿದ್ದ. ಅಷ್ಟು ಸಾಕಾಯಿತು. ಕೆಲಸದವನೇ ಕೊಂದು ಪರಾರಿಯಾಗಿದ್ದಾನೆ ಎಂಬ ಸುದ್ದಿ ಹಬ್ಬಿತು, ಅವನ ಸುಳಿವು ಕೊಟ್ಟವರಿಗೆ ಪೊಲೀಸರು 20,000 ರೂಪಾಯಿ ಬಹುಮಾನ ಘೋಷಿಸಿದರು. ಆ ಹೊತ್ತಿಗೆ ಹೇಮರಾಜ್ ಅದೇ ಕಟ್ಟಡದ ತಾರಸಿಯ ಮೇಲೆ ಹೆಣವಾಗಿದ್ದ. ತಾರಸಿಯ ಬಾಗಿಲಿಗೆ ಬೀಗ ಹಾಕಿತ್ತು. ಆ ದಿನ ಅದನ್ನು ಯಾರೂ ಒಡೆಯಲಿಲ್ಲ. ಯಾರು, ಯಾಕೆ ಎಂಬ ಎರಡಕ್ಕೂ ಉತ್ತರ ಸಿಕ್ಕಾಗಿದೆ ಎಂದುಕೊಂಡವರಿಗೆ ಬೀಗ ಒಡೆಯುವ ತುರ್ತು ಎಲ್ಲಿಂದ ಬರಬೇಕು? ಮರುದಿನ ಬೀಗ ಒಡೆದಾಗ, ದೇಶವೇ ಕೊಲೆಗಾರ ಎಂದು ನಂಬಿದ್ದವನ ಶವ ಸಿಕ್ಕಿತು.

ಒಂದು ವಾರ ಕಳೆದು ಮೇ 23ರಂದು ತಂದೆಯನ್ನು ಬಂಧಿಸಿದರು. ಅದೇ ದಿನ ಮೀರತ್ ವಲಯದ ಐಜಿ ಕ್ಯಾಮೆರಾಗಳ ಮುಂದೆ ಕೂತು ಕಾರಣ ಹೇಳಿದರು. ಮಗಳು ಮತ್ತು ಕೆಲಸದವನನ್ನು ತಂದೆ ಆಕ್ಷೇಪಾರ್ಹ ಸ್ಥಿತಿಯಲ್ಲಿ ಕಂಡ, ತಂದೆಗೇ ಬೇರೊಂದು ಸಂಬಂಧ ಇತ್ತು, ಅದು ಇವರಿಬ್ಬರಿಗೂ ಗೊತ್ತಿತ್ತು ಎಂದೆಲ್ಲ ವಿವರಿಸಿದರು. ಆ ಸುದ್ದಿಗೋಷ್ಠಿಯಲ್ಲಿ ಸತ್ತ ಹುಡುಗಿಯ ಹೆಸರನ್ನೂ ಅವರು ಸರಿಯಾಗಿ ಹೇಳಲಿಲ್ಲ, ಆರುಷಿಯನ್ನು ಶ್ರುತಿ ಎಂದರು. ಹೆಸರು ಸರಿಯಾಗಿ ಗೊತ್ತಿಲ್ಲದ ಮಗುವಿನ ನಡತೆ ಇವರಿಗೆ ಗೊತ್ತಿತ್ತು! ಆ ಮಾತಿಗೆ ಯಾವ ಆಧಾರವಿದೆ ಎಂದು ಅಂದು ಪಟ್ಟು ಹಿಡಿದು ಕೇಳಿದವರು ಕಡಿಮೆ. ಮುಂದಿನ ವಾರಗಳಲ್ಲಿ ಆ ಮಗುವಿನ ಗೆಳೆತನ, ಅವಳ ಇ–ಮೇಲ್, ಅವಳ ಫೋನಿನ ಮೆಸೇಜುಗಳು ಎಲ್ಲವೂ ದೇಶದ ಮನೆಮನೆಯ ಚರ್ಚೆಯಾದವು. ಕೊಲೆಯಾದವಳನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾಗಿತ್ತು.

ಇಲ್ಲಿಂದ ಮುಂದಿನ ಕತೆಯನ್ನು ನಾನು ಕಿರಿಯ ವಕೀಲರಿಗೆ ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಪ್ರಕರಣ ಸಿಬಿಐಗೆ ಹೋಯಿತು. ಮೊದಲ ತಂಡಕ್ಕೆ ತಲವಾರ್ ಕ್ಲಿನಿಕ್ಕಿನ ಕಾಂಪೌಂಡರ್ ಮತ್ತು ಬೇರೆ ಮನೆಗಳಲ್ಲಿ ಕೆಲಸಕ್ಕಿದ್ದ ಇನ್ನಿಬ್ಬರ ಮೇಲೆ ಅನುಮಾನ ಬಂತು. ಹುಡುಗಿಯ ಮೇಲೆ ಕೈಮಾಡಲು ಹೋದರು, ಹೇಮರಾಜ್ ಅಡ್ಡಬಂದ ಎಂಬುದು ಆಗಿನ ಕಾರಣ. ಆಯುಧ ಖುಕ್ರಿ. ಕಾಂಪೌಂಡರನ್ನು ನಮ್ಮ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೇ ಕರೆತಂದು ಮಂಪರು ಪರೀಕ್ಷೆ ಮಾಡಿಸಿದರು. ಜುಲೈನಲ್ಲಿ ತಂದೆ ಜಾಮೀನಿನ ಮೇಲೆ ಹೊರಬಂದರು. ದೋಷಾರೋಪ ಪಟ್ಟಿ ಸಲ್ಲಿಕೆಯಾಗದೆ ಆ ಮೂವರೂ ಹೊರಬಂದರು. 2009ರಲ್ಲಿ ಹೊಸ ತಂಡ ಬಂತು. ಅನುಮಾನ ಮತ್ತೆ ತಂದೆ–ತಾಯಿಯ ಕಡೆಗೆ ತಿರುಗಿತು, ಮತ್ತೆ ಮರ್ಯಾದೆಯ ಕಾರಣ. ಈಗ ಆಯುಧ ಗಾಲ್ಫ್ ಕೋಲು ಮತ್ತು ಶಸ್ತ್ರಚಿಕಿತ್ಸೆಯ ಚಾಕು.

ಗಮನಿಸಿ, ಮನೆ ಅದೇ, ಎರಡು ಹೆಣಗಳು ಅವೇ, ಗಾಯಗಳು ಅವೇ. ಹೇಳುವ ಕಾರಣ ಬದಲಾದ ಹಾಗೆಲ್ಲ ಆಯುಧವೂ ಬದಲಾಯಿತು. ಹೆಣ್ಣುಮಗುವಿನ ಮರಣೋತ್ತರ ವರದಿಯಲ್ಲಿ ಇಲ್ಲದಿದ್ದ ವಿವರಗಳು, ಆ ಪರೀಕ್ಷೆ ಮಾಡಿದ ವೈದ್ಯರ ಆಮೇಲಿನ ಹೇಳಿಕೆಗಳಲ್ಲಿ ಕಾಣಿಸಿಕೊಂಡವು. ಕಾಂಪೌಂಡರ್ ಕೋಣೆಯಿಂದ ವಶಪಡಿಸಿಕೊಂಡಿದ್ದ ದಿಂಬಿನ ಕವರಿನ ಮೇಲೆ ಹೇಮರಾಜನ ರಕ್ತ ಇದೆ ಎಂದು ಹೈದರಾಬಾದಿನ ಡಿಎನ್ಎ ಪ್ರಯೋಗಾಲಯ 2008ರಲ್ಲೇ ವರದಿ ಕೊಟ್ಟಿತ್ತು. ತಂದೆ–ತಾಯಿ ಆರೋಪಿಗಳಾದ ಮೇಲೆ, 2011ರಲ್ಲಿ, ಅದು ಬರೀ ಟೈಪಿಂಗ್ ತಪ್ಪು, ಎರಡು ದಿಂಬಿನ ಕವರುಗಳ ಗುರುತು ಅದಲುಬದಲಾಗಿದೆ ಎಂಬ ವಿವರಣೆ ಬಂತು. ಮುದ್ದೆಮಾಲಿನ ಮೇಲಿನ ಒಂದು ಚೀಟಿಯ ಬೆಲೆ ಏನು ಎಂಬುದು ಕೋರ್ಟಿನಲ್ಲಿ ಕೆಲಸ ಮಾಡುವವರಿಗೆ ಗೊತ್ತು. ಆ ಚೀಟಿ ಹೇಳುವುದು ನಿಜವಾದರೆ ಒಬ್ಬರು ಜೈಲಿಗೆ, ಸುಳ್ಳಾದರೆ ಇನ್ನೊಬ್ಬರು ಜೈಲಿಗೆ.

ಇದೇ ಸಿಬಿಐ 2010ರ ಡಿಸೆಂಬರಿನಲ್ಲಿ ಸಲ್ಲಿಸಿದ ಮುಕ್ತಾಯ ವರದಿಯಲ್ಲಿ, ತಂದೆಯ ಮೇಲೆ ಅನುಮಾನ ಇಟ್ಟುಕೊಂಡೂ, ಸ್ಪಷ್ಟ ಉದ್ದೇಶ ಸಿಕ್ಕಿಲ್ಲ ಎಂದು ಒಪ್ಪಿಕೊಂಡಿತ್ತು. ಅಂದರೆ ಎರಡೂವರೆ ವರ್ಷ ದೇಶ ಕೂತು ಚರ್ಚಿಸಿದ ಕಾರಣಕ್ಕೆ ಸಿಬಿಐ ಬಳಿಯೇ ಗಟ್ಟಿ ಆಧಾರ ಇರಲಿಲ್ಲ. ಗಾಜಿಯಾಬಾದ್ ಮ್ಯಾಜಿಸ್ಟ್ರೇಟರು ಆ ವರದಿಯನ್ನು ಒಪ್ಪದೆ ತಂದೆ–ತಾಯಿಯನ್ನು ಆರೋಪಿಗಳನ್ನಾಗಿ ಕರೆಸಿದರು. 2013ರ ನವೆಂಬರಿನಲ್ಲಿ ವಿಶೇಷ ನ್ಯಾಯಾಲಯ ಇಬ್ಬರಿಗೂ ಜೀವಾವಧಿ ಶಿಕ್ಷೆ ಕೊಟ್ಟಿತು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಬಿಡುಗಡೆ ಮಾಡಿತು. ಹೇಮರಾಜನನ್ನು ಆರುಷಿಯ ಕೋಣೆಯಲ್ಲಿ ಕೊಂದರು ಎನ್ನಲು ಸಾಕ್ಷ್ಯವೇ ಇಲ್ಲ ಎಂದಿತು. ಅವನು ಆ ಕೋಣೆಯಲ್ಲಿ ಇದ್ದನೆಂಬುದೇ ಸಾಬೀತಾಗದಿದ್ದರೆ ‘ಕಂಡು ಕೆರಳಿದ’ ಎಂಬ ಕಾರಣ ಎಲ್ಲಿ ನಿಲ್ಲುತ್ತದೆ? ಆ ಬಿಡುಗಡೆಯನ್ನು ಪ್ರಶ್ನಿಸಿ ಹೇಮರಾಜನ ಹೆಂಡತಿ ಸುಪ್ರೀಂ ಕೋರ್ಟಿಗೆ ಹೋದರು. ಸಿಬಿಐ ಮೇಲ್ಮನವಿಯನ್ನೂ ಕೋರ್ಟು 2018ರಲ್ಲಿ ವಿಚಾರಣೆಗೆ ಅಂಗೀಕರಿಸಿತು. ಯಾರು ಕೊಂದರು ಎಂದು ಹೇಳುವ ಯೋಗ್ಯತೆ ನನಗಿಲ್ಲ, ಕಾರಣ ಹೇಳಿ ಮುಗಿಸಿದವರಿಗೂ ಇರಲಿಲ್ಲ.

ಕಾನೂನು ಉದ್ದೇಶವನ್ನು ಕಡೆಗಣಿಸುವುದಿಲ್ಲ. ಕಣ್ಣಾರೆ ಕಂಡ ನಂಬಿಕಸ್ಥ ಸಾಕ್ಷಿ ಇದ್ದರೆ ಉದ್ದೇಶ ಸಾಬೀತಾಗದಿದ್ದರೂ ಶಿಕ್ಷೆಯಾಗುತ್ತದೆ. ಸಾಂದರ್ಭಿಕ ಸಾಕ್ಷ್ಯ ಮಾತ್ರ ಇರುವಲ್ಲಿ ಉದ್ದೇಶಕ್ಕೆ ತೂಕ ಹೆಚ್ಚು, ಅದು ಸಿಗದಿದ್ದರೆ ಆರೋಪಿಗೆ ಅನುಕೂಲ. 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಐದು ಸೂತ್ರಗಳ ಪ್ರಕಾರ ಪ್ರತಿಯೊಂದು ಸಂದರ್ಭವೂ ಮೊದಲು ಪೂರ್ತಿ ಸಾಬೀತಾಗಬೇಕು, ಆಮೇಲೆ ಸರಪಳಿ. ಉದ್ದೇಶವೂ ಆ ಸರಪಳಿಯ ಒಂದು ಕೊಂಡಿ, ಅದಕ್ಕೂ ಪುರಾವೆ ಬೇಕು. ಆದರೆ ಹೊರಗಿನ ಚರ್ಚೆಯಲ್ಲಿ ಉದ್ದೇಶಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ಬೆರಳಚ್ಚಿನ ಬಗ್ಗೆ ಮಾತಾಡಲು ತಜ್ಞರು ಬೇಕು, ಕಾರಣ ಹೇಳಲು ಯಾರಾದರೂ ಆಗುತ್ತದೆ. ಹಾಗಾಗಿ ನಮ್ಮೊಳಗೆ ಮೊದಲೇ ಕೂತಿರುವ ಅನುಮಾನಗಳೇ ಕಾರಣದ ವೇಷ ಹಾಕಿ ಹೊರಬರುತ್ತವೆ. ಕೆಲಸದವನು ಅಂದರೆ ಅಪಾಯ, ಹರೆಯಕ್ಕೆ ಬಂದ ಹುಡುಗಿ ಅಂದರೆ ಪ್ರೇಮ, ದುಡ್ಡಿರುವವರು ಅಂದರೆ ಅಡ್ಡದಾರಿ. ನೋಯ್ಡಾದಲ್ಲಿ ಈ ಮೂರೂ ಸರದಿಯ ಮೇಲೆ ಬಂದುಹೋದವು.

ಇದು ದೊಡ್ಡ ಊರಿನ ದೊಡ್ಡ ಕೇಸಿಗೆ ಮಾತ್ರ ಅಂಟಿದ ರೋಗವೂ ಅಲ್ಲ. ಮಲೆನಾಡಿನ ಒಂದು ಹಳ್ಳಿಯ ಕೊಲೆ ಕೇಸಿನಲ್ಲಿ ನಾನು ಪಾಟೀ ಸವಾಲು ಮಾಡುತ್ತಿದ್ದೆ. ವಯಸ್ಸಾದ ಸಾಕ್ಷಿ, ಒಳ್ಳೆಯ ಮನುಷ್ಯ. ತೋಟದ ಬೇಲಿ ವಿಚಾರಕ್ಕೆ ಆರೋಪಿಗೂ ಸತ್ತವನಿಗೂ ದ್ವೇಷ ಇತ್ತು ಎಂದು ಸರ್ಕಾರಿ ವಕೀಲರ ಮುಂದೆ ಹೇಳಿದ್ದರು.

‘ಯಜಮಾನ್ರೇ, ಅವರಿಬ್ಬರೂ ಜಗಳ ಆಡಿದ್ದನ್ನ ನೀವು ನೋಡಿದೀರಾ?’

‘ಇಲ್ಲ ತಾಯಿ.’

‘ಮತ್ತೆ ದ್ವೇಷ ಇತ್ತು ಅಂತ ಯಾರು ಹೇಳಿದ್ದು?’

‘ಊರಲ್ಲೆಲ್ಲ ಮಾತಾಡ್ಕೋತಿದ್ರು.’

‘ನಿಮ್ಮ ಕಿವಿಗೆ ಬಿದ್ದಿದ್ದು ಕೊಲೆ ಆಗೋಕೆ ಮುಂಚೆನಾ, ಆಮೇಲಾ?’

ಸ್ವಲ್ಪ ಯೋಚಿಸಿ ಅವರು ಹೇಳಿದರು: ‘ಆಮೇಲೆ. ಪೇಪರಲ್ಲಿ ಬಂದಿತ್ತಲ್ಲ.’

ಆ ಹಿರಿಯರು ಸುಳ್ಳು ಹೇಳುತ್ತಿರಲಿಲ್ಲ. ಠಾಣೆಯಿಂದ ಪೇಪರಿಗೆ, ಪೇಪರಿನಿಂದ ಊರಿಗೆ, ಊರಿನಿಂದ ಅವರ ಮನಸ್ಸಿಗೆ ಬಂದ ಮಾತು ಕೊನೆಗೆ ಅವರದೇ ನೆನಪಾಗಿ ಕಟಕಟೆ ಹತ್ತಿತ್ತು. ಪೊಲೀಸರು ಕೊಟ್ಟ ಕಾರಣವೇ ಸುತ್ತು ಹಾಕಿ ಪೊಲೀಸರ ಪರವಾಗಿ ಸಾಕ್ಷ್ಯವಾಗಿ ವಾಪಸು ಬಂದಿತ್ತು. ನಿಜವಾಗಿ ದ್ವೇಷ ಕಂಡ ಇನ್ನೊಬ್ಬ ಸಾಕ್ಷಿ ಇದ್ದಿದ್ದರೆ ಅವನ ಮಾತಿನ ಬೆಲೆಯೂ ಇದರಿಂದ ಇಳಿಯುತ್ತಿತ್ತು. ಅವಸರದ ಮಾತಿನಿಂದ ನಿರಪರಾಧಿಗೆ ಎಷ್ಟು ಕೇಡೋ, ಪ್ರಾಸಿಕ್ಯೂಷನ್ನಿಗೂ ಅಷ್ಟೇ ಕೇಡು.

‘ವಿಚಾರಣೆ ವೇಳೆ ಬಾಯಿಬಿಟ್ಟ ಆರೋಪಿ’ ಎಂಬ ತಲೆಬರಹವನ್ನು ನಾವು ದಿನಾ ಓದುತ್ತೇವೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನೇ ಹೇಳುತ್ತದೆ. ಮಂಪರು ಪರೀಕ್ಷೆಯ ಕತೆಯೂ ಹಾಗೆಯೇ. ಬೆಂಗಳೂರಿನಲ್ಲಿ ಆ ಪರೀಕ್ಷೆ ನಡೆದ ಎರಡು ವರ್ಷಕ್ಕೆ, 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಯಾರ ಮೇಲೂ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದಿತು. ಕೋರ್ಟಿನೊಳಗೆ ಕಾಲಿಡಲಾಗದ ಮಾತು ಮುಖಪುಟದಲ್ಲಿ ರಾಜಾರೋಷವಾಗಿ ಕೂರುವುದು ಯಾವ ನ್ಯಾಯ?

ಜನ ಮಾತಾಡದಿದ್ದರೆ ದೊಡ್ಡವರು ತಪ್ಪಿಸಿಕೊಳ್ಳುತ್ತಾರೆ ಎಂದು ಹೇಳುವವರಿದ್ದಾರೆ. ಅದು ಸುಳ್ಳಲ್ಲ. 1999ರಲ್ಲಿ ದೆಹಲಿಯಲ್ಲಿ ಜೆಸಿಕಾ ಲಾಲ್ ಅವರನ್ನು ಗುಂಡಿಟ್ಟು ಕೊಂದ ಪ್ರಕರಣದಲ್ಲಿ 2006ರ ಫೆಬ್ರುವರಿಯಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದಾಗ ಜನ ಬೀದಿಗಿಳಿದರು, ಪತ್ರಿಕೆಗಳು ಬಿಡದೆ ಬರೆದವು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮುಖ್ಯ ಆರೋಪಿಯನ್ನು ತಪ್ಪಿತಸ್ಥ ಎಂದಿತು. ಆದರೆ ಆಗ ಜನ ಕೇಳಿದ್ದು, ಸಾಕ್ಷಿಗಳು ಯಾಕೆ ತಿರುಗಿಬಿದ್ದರು, ತನಿಖೆಯಲ್ಲಿ ಯಾರು ಕೈಯಾಡಿಸಿದರು ಎಂದು. ಅದು ಸಾಕ್ಷ್ಯದ ಬಗ್ಗೆ ನಡೆದ ಚರ್ಚೆ, ಅಂಥದ್ದು ಎಷ್ಟು ನಡೆದರೂ ಒಳ್ಳೆಯದೇ. ಬೀಗ ಯಾಕೆ ಒಡೆಯಲಿಲ್ಲ ಎಂದು 2008ರಲ್ಲೂ ಅಷ್ಟೇ ಗಟ್ಟಿಯಾಗಿ ಕೇಳಿದ್ದರೆ ಇವತ್ತು ನಮಗೆ ಇನ್ನಷ್ಟು ಸತ್ಯ ಗೊತ್ತಿರುತ್ತಿತ್ತೇನೋ.

ನಮ್ಮ ರಾಜ್ಯದಲ್ಲೂ ವಿಚಾರಣೆಯ ಹಂತದಲ್ಲಿರುವ, ಎಲ್ಲರ ಬಾಯಲ್ಲಿರುವ ಕೊಲೆ ಪ್ರಕರಣಗಳಿವೆ. ಅವುಗಳ ಹೆಸರನ್ನು ನಾನು ಎತ್ತುವುದಿಲ್ಲ, ಎತ್ತಿದರೆ ನಾನು ಹೇಳುತ್ತಿರುವುದನ್ನು ನಾನೇ ಮೀರಿದಂತಾಗುತ್ತದೆ. ನನ್ನ ಬೇಡಿಕೆ ಒಂದೇ. ದೋಷಾರೋಪ ಪಟ್ಟಿ ಸಲ್ಲಿಕೆಯಾಗುವವರೆಗೆ ಯಾವ ಪೊಲೀಸ್ ಅಧಿಕಾರಿಯೂ ಕೊಲೆಯ ಉದ್ದೇಶದ ಬಗ್ಗೆ, ಸತ್ತವರ ಖಾಸಗಿ ಬದುಕಿನ ಬಗ್ಗೆ ಸುದ್ದಿಗಾರರ ಮುಂದೆ ಮಾತಾಡಬಾರದು, ಹೆಸರು ಹೇಳದೆ ‘ಮೂಲ’ವಾಗಿಯೂ ಮಾತಾಡಬಾರದು. ಬಂಧನ ಆಗಿದೆ, ಇಂಥ ಕಲಂ ಹಾಕಿದ್ದೇವೆ, ತನಿಖೆ ನಡೆದಿದೆ ಎಂದಷ್ಟೇ ಹೇಳಲಿ. ಪೊಲೀಸರು ಮಾಧ್ಯಮಕ್ಕೆ ಏನು ಹೇಳಬಹುದು ಎಂಬ ಬಗ್ಗೆ ಕೈಪಿಡಿ ಸಿದ್ಧಪಡಿಸಿ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲೇ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿದೆ. ಪೊಲೀಸ್ ಇಲಾಖೆ ರಾಜ್ಯದ ವಿಷಯ, ನಮ್ಮ ಗೃಹ ಇಲಾಖೆ ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ. ಕೊಲೆ ಕೇಸಿನಲ್ಲಿ ಬಂಧಿತನ ವಿರುದ್ಧ ದೋಷಾರೋಪ ಪಟ್ಟಿ ಹಾಕಲು ಇರುವ ಗಡುವು 90 ದಿನ, ತಪ್ಪಿದರೆ ಆರೋಪಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಆ 90 ದಿನ ಕಾಯುವ ಸಂಯಮ ಓದುಗರಿಗೂ ಇದೆ ಎಂದು ನಾನು ನಂಬುತ್ತೇನೆ, ಸಂಪಾದಕರೂ ನಂಬಲಿ.

ಬದುಕಿರುವ ಆರೋಪಿಗೆ ವಕೀಲರು ಸಿಗುತ್ತಾರೆ, ಮೇಲ್ಮನವಿ ಇದೆ, ತಡವಾಗಿಯಾದರೂ ಬಿಡುಗಡೆಯ ದಾರಿ ಇದೆ. ಸತ್ತವರ ಮಾನ ಕಳೆದರೆ ದೂರು ಕೊಡಬೇಕಾದವರು ಅವರ ಮನೆಯವರು. ಆರುಷಿಯ ವಿಷಯದಲ್ಲಿ ಆ ಮನೆಯವರೇ ಆರೋಪಿಗಳಾಗಿದ್ದರು. ಮೊದಲ ದಿನವೇ ಕೊಲೆಗಾರ ಎನಿಸಿಕೊಂಡ ಹೇಮರಾಜನ ಪರವಾಗಿ ಮಾತಾಡಲು ಆ ಫ್ಲ್ಯಾಟಿನ ಮುಂದೆ ಸೇರಿದ್ದ ಗುಂಪಿನಲ್ಲಿ ಯಾರಿದ್ದರು? ಕೊಲೆಯಾದವರು ತಮ್ಮ ನಡತೆಗೆ ತಾವೇ ಸಾಕ್ಷಿ ಹೇಳಲಾರರು. ಆ ಹೊಣೆಯನ್ನು ಸರ್ಕಾರದ ಒಂದು ಸುತ್ತೋಲೆ ಹೊರಬಹುದು. ಅದನ್ನು ಹೊರಡಿಸಲು ಇನ್ನೊಂದು ಹೆಣ ಬೀಳುವವರೆಗೆ ಕಾಯಬೇಡಿ.