ಸಾಲದ ಪತ್ರ ಕನ್ನಡದಲ್ಲಿ ಸಿಗಲಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಪದವಿಯ ಫಲಿತಾಂಶ ಬಂತೆಂದರೆ ಪೆರ್ಲ, ಬದಿಯಡ್ಕ, ಪೈವಳಿಕೆ ಕಡೆಯ ಮನೆಗಳಲ್ಲಿ ಒಂದೇ ಚಿಂತೆ. ಮಗಳಿಗೆ ಮಂಗಳೂರಿನಲ್ಲಿ ಎಂಸಿಎ ಸೀಟು ಸಿಕ್ಕಿದೆ, ಫೀಸಿಗೆ ಏನು ಮಾಡುವುದು? ಕೊಳೆರೋಗ ಬಡಿದ ಅಡಿಕೆತೋಟ ಅಷ್ಟು ಹಣ ಕೊಡುವುದಿಲ್ಲ. ಬ್ಯಾಂಕಿಗೆ ಹೋದರೆ ಇನ್ನೊಂದು ಕಾಗದ ತನ್ನಿ, ಮುಂದಿನ ವಾರ ಬನ್ನಿ ಎನ್ನುತ್ತಾರೆ. ಖಾಸಗಿ ಹಣಕಾಸು ಕಂಪನಿಯವರು ಫೋನಿನಲ್ಲೇ ಒಪ್ಪಿಗೆ ಕೊಟ್ಟು ಮನೆಗೇ ಬಂದು ಸಹಿ ಹಾಕಿಸಿಕೊಳ್ಳುತ್ತಾರೆ. ಫೀಸು ಕಟ್ಟುವ ಕಡೇ ದಿನ ತಲೆಯ ಮೇಲಿರುವಾಗ ಬೇಗ ಕೊಟ್ಟವರ ಬಳಿ ಸಾಲ ತೆಗೆದ ತಂದೆತಾಯಿಯರನ್ನು ನಾನು ತಪ್ಪುಗಾರರೆನ್ನಲಾರೆ.

ಆದರೆ ಈ ಎರಡು ಸಾಲಗಳ ನಡುವೆ ಇರುವುದು ಬಡ್ಡಿದರದ ವ್ಯತ್ಯಾಸ ಮಾತ್ರವಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡವಿಡಬೇಕಿಲ್ಲ. ಕಲಿಕೆ ಮುಗಿದು ಒಂದು ವರ್ಷ ಕಳೆಯುವವರೆಗೆ ಕಂತಿಲ್ಲ, ಅಷ್ಟೂ ಕಾಲಕ್ಕೆ ಸರಳ ಬಡ್ಡಿ. ವಾರ್ಷಿಕ ಆದಾಯ 4.5 ಲಕ್ಷ ಮೀರದ ಮನೆಯವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸಿಗೆ ಸೇರಿದರೆ ಆ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ವರ್ಷಾರಂಭಕ್ಕೆ 2 ಲಕ್ಷದಂತೆ ಎರಡು ವರ್ಷ ಸಾಲ ಪಡೆದರೆ, ಶೇಕಡಾ 10ರ ದರದಲ್ಲಿ ಮೊದಲ ಕಂತಿನ ಹೊತ್ತಿಗೆ ಬಡ್ಡಿಯೇ 1 ಲಕ್ಷವಾಗಿರುತ್ತದೆ. ಸಬ್ಸಿಡಿ ಸಿಕ್ಕ ಮನೆಗೆ ಆ ಲಕ್ಷದ ಹೊರೆಯಿಲ್ಲ. ಖಾಸಗಿ ಕಂಪನಿಯ ಸಾಲಕ್ಕೆ ಈ ಸಬ್ಸಿಡಿ ಅನ್ವಯಿಸುವುದೇ ಇಲ್ಲ. ಅಲ್ಲಿ ಎಷ್ಟೋ ಸಾಲಗಳಿಗೆ ಓದುತ್ತಿರುವಾಗಲೇ ಬಡ್ಡಿ ಕಟ್ಟಬೇಕು. (ಪದವಿಗೇ ಸಬ್ಸಿಡಿ ಪಡೆದವರಿಗೆ ಸ್ನಾತಕೋತ್ತರಕ್ಕೆ ಅದು ಮತ್ತೆ ಸಿಗದು. ಇದನ್ನು ಮೊದಲ ಸಾಲದ ದಿನವೇ ಹೇಳಬೇಕು.)

2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಎಂಬ ಕೇಂದ್ರದ ಇನ್ನೊಂದು ಯೋಜನೆಯಲ್ಲಿ ಆದಾಯದ ಮಿತಿ 8 ಲಕ್ಷ. 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ. ಆದರೆ ಅದು ಆಯ್ದ ಸಂಸ್ಥೆಗಳಿಗೆ, ಅರ್ಹತೆಯಿಂದ ಸೀಟು ಪಡೆದವರಿಗೆ ಮಾತ್ರ. ಆಯ್ದುಕೊಂಡ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಿ ಎಂದು ನಮ್ಮ ಮಕ್ಕಳಿಗೆ ಯಾರು ಹೇಳುತ್ತಾರೆ?

ಬ್ಯಾಂಕಿನ ಸಾಲ, ಖಾಸಗಿ ಸಾಲಗಳ ಹೋಲಿಕೆಯನ್ನು ಮನೆಯವರು ತಾವೇ ಮಾಡಿಕೊಳ್ಳುವ ದಾರಿಯೊಂದಿದೆ. ಬ್ಯಾಂಕಾಗಲಿ, ಖಾಸಗಿ ಕಂಪನಿಯಾಗಲಿ, ಬಡ್ಡಿ, ಶುಲ್ಕ ಎಲ್ಲ ಸೇರಿ ಸಾಲ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆಂದು ತೋರಿಸುವ ಮುಖ್ಯಾಂಶ ಪತ್ರವನ್ನು ಸಹಿಗೆ ಮೊದಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಆದೇಶಿಸಿದೆ. ಆ ಪತ್ರ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಬೇಕು ಎಂದೂ ಅದರಲ್ಲಿದೆ. ಕಾಸರಗೋಡು ಮತ್ತು ಮಂಜೇಶ್ವರ ತಾಲ್ಲೂಕಿನ ಸಾವಿರಾರು ತಂದೆತಾಯಿಯರು ಕಲಿತದ್ದು ಕನ್ನಡ ಶಾಲೆಯಲ್ಲಿ. ಓದಲಾಗದ ಮಲಯಾಳ ಅಥವಾ ಇಂಗ್ಲಿಷ್ ಹಾಳೆಗೆ ಸಹಿ ಹಾಕಿ ಹದಿನೈದು ವರ್ಷದ ಸಾಲ ಹೊರುವುದು ನ್ಯಾಯವಲ್ಲ. ಕನ್ನಡದಲ್ಲಿ ಸರ್ಕಾರಿ ಕಚೇರಿಗಳೊಂದಿಗೆ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಕಾಯ್ದೆಯೇ ನಮಗೆ ಕೊಟ್ಟಿದೆ. ಸಾಲದ ಮೇಜಿನಲ್ಲೂ ಅದೇ ಗೌರವ ಬೇಕು.

ಜಿಲ್ಲಾ ಬ್ಯಾಂಕಿಂಗ್ ಸಲಹಾ ಸಮಿತಿಗೆ ನೀವೇ ಅಧ್ಯಕ್ಷರು. ಲೀಡ್ ಬ್ಯಾಂಕಾದ ಕೆನರಾ ಬ್ಯಾಂಕಿನ ಅಧಿಕಾರಿಗಳು, ರಿಸರ್ವ್ ಬ್ಯಾಂಕಿನ ಜಿಲ್ಲಾ ಅಧಿಕಾರಿ ಅದೇ ಸಭೆಯಲ್ಲಿರುತ್ತಾರೆ. ಮುಖ್ಯಾಂಶ ಪತ್ರದ ಕನ್ನಡ ನಮೂನೆಯನ್ನು ಎರಡೂ ತಾಲ್ಲೂಕುಗಳ ಎಲ್ಲ ಶಾಖೆಗಳಿಗೆ ತಲುಪಿಸಿ. ಖಾಸಗಿ ಕಂಪನಿಗಳು ಸಮಿತಿಯ ಮಾತಿಗೆ ಬದ್ಧವಲ್ಲದಿರಬಹುದು, ರಿಸರ್ವ್ ಬ್ಯಾಂಕಿನ ಆದೇಶಕ್ಕೆ ಬದ್ಧವೇ. ಪಾಲಿಸದವರ ಬಗ್ಗೆ ಅದರ ಅಧಿಕಾರಿಗೆ ದೂರು ಹೋಗಲಿ. ಅರ್ಜಿ ತಿರಸ್ಕರಿಸುವ ಬ್ಯಾಂಕು ಕಾರಣವನ್ನು ಬರೆದು ಕೊಡಲಿ. ಮನೆ ಶಾಖೆಯ ವ್ಯಾಪ್ತಿಯಲ್ಲಿಲ್ಲ ಎಂಬ ನೆಪಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ.

ಮುಂದಿನ ಪ್ರವೇಶಕ್ಕೆ ಮೊದಲು ನಡೆಯುವ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಬೇಕು, ನಿರ್ಣಯವನ್ನು ಕನ್ನಡದಲ್ಲೂ ಪ್ರಕಟಿಸಬೇಕು ಎಂದು ಕೇಳಿಕೊಳ್ಳುತ್ತೇನೆ.

ಇತಿ,
ಮಂಜೇಶ್ವರ ತಾಲ್ಲೂಕಿನ ಓರ್ವ ನಿವೃತ್ತ ಶಿಕ್ಷಕಿ